ಮುಂದಿನ ಸುತ್ತಿಗೆ ಏನು ಹೋಗಬೇಕು?

ಸಿ, ಜಾವಾ, ಪೈಥಾನ್ ಕಲಿತು ಫಂಕ್ಷನಲ್ ಭಾಷೆಗೆ ಬಂದವರು ಮೊದಲು ಹುಡುಕುವುದು ಫಾರ್ ಲೂಪನ್ನು. ಮಾಲೇಕಲ್ಲು ಬೆಟ್ಟದ ತಪ್ಪಲಿನ ಮನೆಯಲ್ಲಿ ಕೂತು ನಾನು ಹ್ಯಾಸ್ಕೆಲ್, ಕ್ಲೋಜರ್ ಭಾಷೆಗಳಲ್ಲಿ ಕೆಲಸ ಮಾಡುತ್ತೇನೆ. ರಜೆಯಲ್ಲಿ ಅರಸೀಕೆರೆ, ಬೇಲೂರು ಕಡೆಯ ಇಂಜಿನಿಯರಿಂಗ್ ಹುಡುಗರು, ಹುಡುಗಿಯರು ಕಲಿಯಲು ಬರುತ್ತಾರೆ. ಅವರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಅಣ್ಣ, ಇದ್ರಲ್ಲಿ ಫಾರ್ ಎಲ್ಲೈತೆ?”

ಸಿ ಭಾಷೆಯಲ್ಲಿರುವಂಥ ಫಾರ್ ಹ್ಯಾಸ್ಕೆಲ್‌ನಲ್ಲಿ ಇಲ್ಲ. ಒಮ್ಮೆ ಹೆಸರಿಟ್ಟ ಮೌಲ್ಯ ಬದಲಾಗದ ಭಾಷೆಯಲ್ಲಿ ‘ಐ’ಗೆ ಒಂದೊಂದೇ ಕೂಡಿಸುತ್ತ ಹೋಗಲು ಜಾಗವಿಲ್ಲ. ಹಾಗಂತ ಸುತ್ತುವ ಕೆಲಸ ತಪ್ಪುವುದಿಲ್ಲ. ನೂರು ಚೀಲ ಕೊಬ್ಬರಿ ತೂಗಿದರೆ ನೂರನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಆ ಕೆಲಸವನ್ನು ಹೇಗೆ ಬರೆಯಬೇಕು ಎಂಬ ಬಗ್ಗೆ ಮಾಡುತ್ತ, ಕಲಿಸುತ್ತ ನನ್ನಲ್ಲಿ ಗಟ್ಟಿಯಾದ ಮಾತುಗಳು ಇವು.

1. ಕೋಡ್ ಬರೆಯುವ ಮೊದಲು ಒಂದು ವಾಕ್ಯ ಬರೆಯಿರಿ

ವಾಕ್ಯ ಇದು: “ಈ ಸುತ್ತಿನಿಂದ ಮುಂದಿನ ಸುತ್ತಿಗೆ ಇಂಥದ್ದು ಹೋಗಬೇಕು.” ಕನ್ನಡದಲ್ಲೇ ಬರೆಯಿರಿ, ಕಾಗದದ ಮೇಲೆ ಬರೆಯಿರಿ. ಸಿ ಭಾಷೆಯ ಲೂಪಿನಲ್ಲಿ ಈ ಪ್ರಶ್ನೆ ಕೇಳದೆಯೇ ದಾಟಿಹೋಗಬಹುದು. ಹೊರಗೆ ನಾಲ್ಕು ವೇರಿಯಬಲ್ ಇಟ್ಟು, ಒಳಗೆ ಬೇಕಾದಾಗ ಬೇಕಾದದ್ದನ್ನು ಬದಲಾಯಿಸುತ್ತ ಹೋದರೂ ಕಂಪೈಲರ್ ಏನೂ ಅನ್ನುವುದಿಲ್ಲ. ಓದುವವರು ಮಾತ್ರ ಯಾವುದು ಯಾವಾಗ ಬದಲಾಯಿತು ಎಂದು ತಲೆಯಲ್ಲೇ ಸುತ್ತು ಹಾಕಬೇಕಾಗುತ್ತದೆ. ಫಂಕ್ಷನಲ್ ಭಾಷೆಯಲ್ಲಿ ಮುಂದಿನ ಸುತ್ತಿಗೆ ಹೋಗುವುದೆಲ್ಲ ಫಂಕ್ಷನ್ನಿನ ಆರ್ಗ್ಯುಮೆಂಟ್ ಆಗಿ ಎದುರಿಗೇ ಕಾಣಬೇಕು. ಆ ವಾಕ್ಯ ಸರಿಯಾಗಿ ಮೂಡಿದರೆ ಯಾವ ರೂಪ ಬಳಸಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ. ಕೆಳಗೆ ಬರೆದಿರುವುದೆಲ್ಲ ಈ ಒಂದು ಪ್ರಶ್ನೆಗೆ ಸಿಗುವ ಬೇರೆ ಬೇರೆ ಉತ್ತರಗಳು.

2. ಏನೂ ಹೋಗಬೇಕಿಲ್ಲವಾದರೆ ಅದು ಮ್ಯಾಪ್

ಅರಸೀಕೆರೆಯ ಈಶ್ವರ ದೇವಾಲಯ 1220ರದು. ಅದರ ಮುಂದಿನ ತೆರೆದ ಮಂಟಪದ ತಳವಿನ್ಯಾಸ 16 ಮೂಲೆಗಳ ನಕ್ಷತ್ರ. ಒಂದೇ ಕೇಂದ್ರದ ಸುತ್ತ ಒಂದು ಚೌಕವನ್ನು 22.5 ಡಿಗ್ರಿಯಂತೆ ತಿರುಗಿಸುತ್ತ ನಾಲ್ಕು ಸಲ ಬರೆದರೆ 16 ಮೂಲೆ ಸಿಗುತ್ತವೆ. ಇಂಥ ನಕ್ಷತ್ರವನ್ನು ಪರದೆಯ ಮೇಲೆ ಬರೆಸಿ ಎಂದು ನಾನು ಹೊಸಬರಿಗೆ ಹೇಳುವುದುಂಟು. ಹೆಚ್ಚಿನವರು ‘ಕೋನ’ ಎಂಬ ವೇರಿಯಬಲ್ ಇಟ್ಟು, ಪ್ರತಿ ಸುತ್ತಿಗೂ 22.5 ಕೂಡಿಸುತ್ತ ಹೋಗುತ್ತಾರೆ.

ಆದರೆ, ಸೊನ್ನೆಯಿಂದ ಎಣಿಸಿದಾಗ, ಐದನೆಯ ಮೂಲೆ ಎಲ್ಲಿದೆ ಎಂದು ತಿಳಿಯಲು ನಾಲ್ಕನೆಯದು ಬೇಕೇ? ಬೇಡ. 5 × 22.5 ಸಾಕು. ಹಾಗಿದ್ದ ಮೇಲೆ ಮುಂದಿನ ಸುತ್ತಿಗೆ ಹೋಗಬೇಕಾದದ್ದು ಏನೂ ಇಲ್ಲ. 0ಯಿಂದ 15ರವರೆಗಿನ ಪಟ್ಟಿ ತೆಗೆದುಕೊಂಡು, ಪ್ರತಿಯೊಂದನ್ನೂ ಒಂದು ಬಿಂದುವಾಗಿ ಬದಲಿಸುವ ಫಂಕ್ಷನ್ ಕೊಟ್ಟರೆ ಮುಗಿಯಿತು. ಇದರಿಂದ ಎರಡು ಲಾಭ. ದಶಮಾಂಶಗಳನ್ನು ಕೂಡಿಸುತ್ತ ಹೋದಾಗ ಬೆಳೆಯುವ ಸಣ್ಣ ದೋಷ ಇಲ್ಲಿ ಬೆಳೆಯುವುದಿಲ್ಲ, 0.1ನ್ನು ಹತ್ತು ಸಲ ಕೂಡಿಸಿದರೆ ಕಂಪ್ಯೂಟರಿಗೆ ಸರಿಯಾಗಿ 1 ಸಿಗುವುದಿಲ್ಲ ಎಂಬುದು ಗೊತ್ತಿರುವ ಸಂಗತಿ. ಎರಡನೆಯದಾಗಿ, ಮೂಲೆಗಳು ಒಂದನ್ನೊಂದು ಕಾಯುವುದಿಲ್ಲವಾದ್ದರಿಂದ ಕೆಲಸವನ್ನು ಬೇಕಾದಷ್ಟು ಯಂತ್ರಗಳಿಗೆ ಹಂಚಬಹುದು. ಗೂಗಲ್‌ನ ಎಂಜಿನಿಯರುಗಳು 2004ರಲ್ಲಿ ವಿವರಿಸಿದ ಮ್ಯಾಪ್‌ರೆಡ್ಯೂಸ್ ನಿಂತಿರುವುದು ಇದೇ ಗುಣದ ಮೇಲೆ. ಹೆಸರನ್ನೂ ಅವರು ಲಿಸ್ಪ್ ಭಾಷೆಯ ಪರಂಪರೆಯಿಂದ ತೆಗೆದುಕೊಂಡರು.

ಬೇಕಾದದ್ದನ್ನಷ್ಟೇ ಉಳಿಸಿಕೊಳ್ಳುವ ಫಿಲ್ಟರ್ ಕೂಡ ಇದೇ ಗುಂಪಿಗೆ ಸೇರುತ್ತದೆ. ಹೆಚ್ಚು ಹೇಳಬೇಕಿಲ್ಲ.

3. ಒಂದು ಮೊತ್ತ ಸಾಗಬೇಕಾದರೆ ಫೋಲ್ಡ್

ಅರಸೀಕೆರೆ, ತಿಪಟೂರು ಸೀಮೆಯವರಿಗೆ ಕೊಬ್ಬರಿಯ ಲೆಕ್ಕ ವಿವರಿಸಬೇಕಿಲ್ಲ. ಐದು ಚೀಲ ತೂಗಿದಿರಿ ಎನ್ನಿ: 45, 44, 46, 43, 45 ಕಿಲೋ. ಚೀಲದ ತೂಕ ತಲಾ 1 ಕಿಲೋ ಕಳೆಯಬೇಕು. ಒಂದು ಚೀಲದಲ್ಲಿ ಕಳೆಯಲು ಇನ್ನೊಂದರ ಹಂಗಿಲ್ಲ, ಆದ್ದರಿಂದ ಅದು ಮ್ಯಾಪ್: 44, 43, 45, 42, 44. ಒಟ್ಟು ತೂಕ ಬೇಕೆಂದಾಗ ಮಾತ್ರ ಅಲ್ಲಿಯವರೆಗಿನ ಮೊತ್ತ ಮುಂದಿನ ಚೀಲಕ್ಕೆ ಸಾಗಬೇಕು. ಸಾಗುವುದು ಒಂದೇ ಮೌಲ್ಯ, ಶುರುವಾಗುವುದು 0ಯಿಂದ, ಪ್ರತಿ ಸುತ್ತಿನ ಕೆಲಸ ಕೂಡುವುದು. ಈ ಮೂರನ್ನು ಕೊಟ್ಟರೆ ಫೋಲ್ಡ್ ಆಯಿತು; ಕ್ಲೋಜರ್‌ನಲ್ಲಿ ಅದರ ಹೆಸರು ರೆಡ್ಯೂಸ್. ಒಟ್ಟು 218 ಕಿಲೋ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ದರದಲ್ಲಿ ಈ ಮಾಲಿಗೆ 26,378 ರೂಪಾಯಿ ಬರಬೇಕು.

ಕಳೆಯುವುದು, ಕೂಡುವುದು, ಗುಣಿಸುವುದು ಎಲ್ಲವನ್ನೂ ಒಂದೇ ಲೂಪಿಗೆ ತುರುಕುವ ಆಸೆ ಬರುತ್ತದೆ. ಬೇಡ. ಮೂರು ಹೆಜ್ಜೆಯನ್ನು ಬೇರೆಬೇರೆಯಾಗಿ ಬರೆದರೆ, ನಾಳೆ ರೈತರೊಬ್ಬರು “ಚೀಲಕ್ಕೆ ಎಷ್ಟು ಮುರಿದ್ರಿ, ತೋರ್ಸಿ” ಎಂದಾಗ ಆ ಹೆಜ್ಜೆಯ ಪಟ್ಟಿಯನ್ನೇ ತೆರೆದು ತೋರಿಸಬಹುದು. ಲೆಕ್ಕ ಕೇಳುವುದು ಅವರ ಹಕ್ಕು. ಕೇಳಿದಾಗ ತೋರಿಸಲು ಬರದ ಕೋಡನ್ನು ನಾನು ಒಳ್ಳೆಯ ಕೋಡ್ ಎನ್ನುವುದಿಲ್ಲ.

ಹ್ಯಾಸ್ಕೆಲ್ ಬಳಸುವವರಿಗೆ ಒಂದು ಎಚ್ಚರಿಕೆ. ಅದು ಸೋಮಾರಿ ಭಾಷೆ. ಫಲ ಬೇಕಾಗುವವರೆಗೆ ಲೆಕ್ಕ ಮಾಡುವುದಿಲ್ಲ. ಎಡದಿಂದ ಕೂಡುತ್ತ ಹೋಗುವ ಸಾದಾ ಫೋಲ್ಡ್‌ಎಲ್, ಆಪ್ಟಿಮೈಸರ್ ಕೈಹಿಡಿಯದಿದ್ದರೆ, ಕೂಡದೆ ಬಿಟ್ಟ ಮೊತ್ತಗಳ ಉದ್ದನೆಯ ಸರಪಳಿಯನ್ನು ಮೆಮೊರಿಯಲ್ಲಿ ಬೆಳೆಸುತ್ತದೆ. ಅದಕ್ಕೇ ಹೆಸರಿನ ಕೊನೆಯಲ್ಲಿ ಒಂದು ಗೀಟು ಇರುವ, ಆಗಿಂದಾಗಲೇ ಲೆಕ್ಕ ಮುಗಿಸುವ ರೂಪವನ್ನು ಬಳಸಿ. ಅಲ್ಲೂ ಒಂದು ಸೂಕ್ಷ್ಮವಿದೆ: ಚೀಲಗಳ ಸಂಖ್ಯೆ ಮತ್ತು ತೂಕ ಎರಡನ್ನೂ ಜೋಡಿಯಾಗಿ ಸಾಗಿಸಿದರೆ, ಆ ರೂಪ ಹೊರಗಿನ ಜೋಡಿಯನ್ನಷ್ಟೇ ಬಿಡಿಸುತ್ತದೆ, ಒಳಗಿನ ಎರಡು ಸಂಖ್ಯೆಗಳು ಲೆಕ್ಕವಾಗದೆಯೇ ಉಳಿಯುತ್ತವೆ. ಒಳಗಿನ ಜಾಗಗಳನ್ನೂ ಕಟ್ಟುನಿಟ್ಟು ಮಾಡಬೇಕು. ಲಕ್ಷಗಟ್ಟಲೆ ಸಾಲುಗಳ ಫೈಲ್ ಓದುವ ಪ್ರೋಗ್ರಾಂ ಮೆಮೊರಿ ನುಂಗುತ್ತಿದೆ ಎಂದರೆ ನಾನು ಮೊದಲು ನೋಡುವ ಜಾಗ ಇದು.

4. ರಿಕರ್ಷನ್ ಬರೆದಾಗ ಬಾಕಿ ಉಳಿದ ಕೆಲಸವನ್ನು ಹುಡುಕಿ

ಮ್ಯಾಪ್, ಫೋಲ್ಡ್‌ಗಳಿಗೆ ಒಗ್ಗದಿದ್ದಾಗ ರಿಕರ್ಷನ್, ಅಂದರೆ ಫಂಕ್ಷನ್ ತನ್ನನ್ನು ತಾನೇ ಕರೆಯುವುದು. ಮೊತ್ತವನ್ನು ಹೀಗೆ ಬರೆಯಬಹುದು:

ಮೊತ್ತ (ಖಾಲಿ ಪಟ್ಟಿ) = 0
ಮೊತ್ತ (ಮೊದಲನೆಯದು, ಉಳಿದವು) = ಮೊದಲನೆಯದು + ಮೊತ್ತ (ಉಳಿದವು)

ನೋಡಲು ಚೆಂದ. ಆದರೆ ಒಳಗಿನ ಕರೆ ಉತ್ತರ ತರುವವರೆಗೆ ‘ಕೂಡುವುದು’ ಬಾಕಿ. ಮಾಲೇಕಲ್ಲಿನ ಬೆಟ್ಟ ಹತ್ತುವಾಗ ಮೆಟ್ಟಿಲಿಗೊಂದು ಕೆಲಸ ಬಾಕಿ ಇಟ್ಟು, ಇಳಿಯುವಾಗ ಒಂದೊಂದನ್ನೇ ಮುಗಿಸುತ್ತ ಬಂದ ಹಾಗೆ ಇದು. ಆ ಬಾಕಿಗಳನ್ನು ನೆನಪಿಡುವ ಜಾಗವೇ ಸ್ಟ್ಯಾಕ್. ಬೆಟ್ಟಕ್ಕೆ ಸಾವಿರಕ್ಕೂ ಹೆಚ್ಚು ಮೆಟ್ಟಿಲಿವೆ. ಪೈಥಾನ್ ಸಾಮಾನ್ಯವಾಗಿ ಒಪ್ಪುವ ರಿಕರ್ಷನ್ ಆಳ 1000. ಮೆಟ್ಟಿಲಿಗೊಂದು ಕರೆ ಮಾಡುವ ಫಂಕ್ಷನ್ ಅಲ್ಲಿ ಬೆಟ್ಟದ ಮೇಲಿನ ದೇವಸ್ಥಾನ ಮುಟ್ಟುವ ಮೊದಲೇ ನಿಂತುಬಿಡುತ್ತದೆ.

ಬಾಕಿ ಉಳಿಯದಂತೆ ಬರೆಯುವುದು ಹೀಗೆ:

ಮೊತ್ತ (ಈವರೆಗೆ, ಖಾಲಿ ಪಟ್ಟಿ) = ಈವರೆಗೆ
ಮೊತ್ತ (ಈವರೆಗೆ, ಮೊದಲನೆಯದು, ಉಳಿದವು) = ಮೊತ್ತ (ಈವರೆಗೆ + ಮೊದಲನೆಯದು, ಉಳಿದವು)

ಕೊನೆಯ ಕೆಲಸವೇ ಕರೆ. ಹಿಂತಿರುಗಿ ಮಾಡಬೇಕಾದದ್ದು ಏನೂ ಇಲ್ಲ. ಇದನ್ನು ಟೈಲ್ ಕಾಲ್ ಎನ್ನುತ್ತಾರೆ. 1975ರಲ್ಲಿ ಸ್ಟೀಲ್ ಮತ್ತು ಸಸ್‌ಮನ್ ರೂಪಿಸಿದ ಸ್ಕೀಮ್ ಭಾಷೆಯಲ್ಲಿ ಇಂಥ ಕರೆಗೆ ಹೊಸ ಜಾಗ ತೆಗೆದುಕೊಳ್ಳಕೂಡದು ಎಂಬುದು ಭಾಷೆಯ ನಿಯಮ. ಅಲ್ಲಿ ಟೈಲ್ ರಿಕರ್ಷನ್ನೇ ಲೂಪ್. ಬೇರೆ ಲೂಪ್ ಬೇಕಿಲ್ಲ.

ನಿಮ್ಮ ಭಾಷೆ ಏನು ಭರವಸೆ ಕೊಡುತ್ತದೆ ಎಂದು ತಿಳಿದುಕೊಳ್ಳದೆ ಮುಂದೆ ಹೋಗಬೇಡಿ. ಜಾವಾ ಯಂತ್ರ ಟೈಲ್ ಕಾಲನ್ನು ಗುರುತಿಸಿ ಜಾಗ ಉಳಿಸುವುದಿಲ್ಲ. ಆದ್ದರಿಂದ ಅದರ ಮೇಲೆ ಓಡುವ ಕ್ಲೋಜರ್‌ನಲ್ಲಿ ರಿಚ್ ಹಿಕಿ ‘ರಿಕರ್’ ಎಂಬುದನ್ನು ಬೇರೆಯಾಗಿಯೇ ಇಟ್ಟರು. ಬಾಕಿ ಕೆಲಸ ಉಳಿದಿರುವ ಜಾಗದಲ್ಲಿ ರಿಕರ್ ಬರೆದರೆ ಕಂಪೈಲರ್ ಒಪ್ಪುವುದೇ ಇಲ್ಲ. ಸ್ಕಾಲಾದಲ್ಲಿ ಟೈಲ್‌ರೆಕ್ ಎಂಬ ಗುರುತು ಹಾಕಿದರೆ ಅದೇ ಕಾವಲು ಸಿಗುತ್ತದೆ. ಇಂಥ ಗುರುತು ಇರುವ ಕಡೆ ತಪ್ಪದೆ ಹಾಕಿ. ಆರು ತಿಂಗಳ ನಂತರ ಬೇರೆಯವರು ಆ ಸಾಲಿಗೆ ‘ಪ್ಲಸ್ ಒಂದು’ ಸೇರಿಸಿದರೆ ಅದು ಅವರನ್ನು ತಡೆಯುತ್ತದೆ. ಹ್ಯಾಸ್ಕೆಲ್‌ನಲ್ಲಿ ಲೆಕ್ಕ ಬೇರೆ: ಹೊಸ ಪಟ್ಟಿಯನ್ನು ಕಟ್ಟಿಕೊಡುವ ಫಂಕ್ಷನ್ ಟೈಲ್ ಆಗಿಲ್ಲದಿದ್ದರೂ ಚಿಂತೆಯಿಲ್ಲ, ಕೇಳಿದಷ್ಟನ್ನೇ ಅದು ಕೊಡುತ್ತ ಹೋಗುತ್ತದೆ. ಒಂದು ಭಾಷೆಯ ರೂಢಿಯನ್ನು ಇನ್ನೊಂದಕ್ಕೆ ಹಾಗೆಯೇ ಹೊತ್ತೊಯ್ಯುವಂತಿಲ್ಲ.

5. ಎಲ್ಲ ರಿಕರ್ಷನ್ನನ್ನೂ ಟೈಲ್ ಮಾಡಲು ಹೊರಡಬೇಡಿ

ನಾಲ್ಕನೆಯ ಪಾಠ ಕಲಿತವರು ಕಂಡದ್ದನ್ನೆಲ್ಲ ಟೈಲ್ ಮಾಡಲು ಹೋಗುತ್ತಾರೆ. ನೋಡಬೇಕಾದದ್ದು ಆಳವನ್ನು.

ಛಂದಸ್ಸಿನ ಲೆಕ್ಕ ತೆಗೆದುಕೊಳ್ಳಿ. ಒಂದು ಅಕ್ಷರ ಗುರುವೋ ಲಘುವೋ ಆಗಬಹುದು. ಪಾದದಲ್ಲಿ 26 ಅಕ್ಷರ ಇದ್ದರೆ ವಿನ್ಯಾಸಗಳು ಎರಡರ 26ನೆಯ ಘಾತದಷ್ಟು. ಅದನ್ನು ಕಂಡುಹಿಡಿಯಲು ಎರಡನ್ನು 26 ಸಲ ಗುಣಿಸಬೇಕಿಲ್ಲ ಎಂದು ಪಿಂಗಳನ ಛಂದಃಶಾಸ್ತ್ರ ಎರಡು ಸಾವಿರ ವರ್ಷಗಳ ಹಿಂದೆಯೇ ದಾರಿ ತೋರಿಸಿದೆ. ಸಂಖ್ಯೆ ಸಮವಾಗಿದ್ದರೆ ಅರ್ಧ ಮಾಡು, ಮರಳುವಾಗ ವರ್ಗ ಮಾಡು. ಬೆಸವಾಗಿದ್ದರೆ ಒಂದು ಕಳೆ, ಮರಳುವಾಗ ಎರಡರಿಂದ ಗುಣಿಸು. ಸೊನ್ನೆ ಬಂದರೆ ಉತ್ತರ 1. ಇಳಿಯುವ ದಾರಿ 26, 13, 12, 6, 3, 2, 1, 0. ಮರಳುವ ದಾರಿ 1, 2, 4, 8, 64, 4096, 8192, ಕೊನೆಗೆ 6,71,08,864. ಏಳು ಹೆಜ್ಜೆಯಲ್ಲಿ ಕೆಲಸ ಮುಗಿಯಿತು. ಪ್ರತಿ ಹೆಜ್ಜೆಯಲ್ಲೂ ವರ್ಗವೋ ದ್ವಿಗುಣವೋ ಬಾಕಿ ಉಳಿಯುತ್ತದೆ, ಆದರೆ ಆಳ ಏಳೇ ಇರುವಾಗ ಯಾವ ಸ್ಟ್ಯಾಕೂ ತುಂಬುವುದಿಲ್ಲ. ಇದನ್ನು ಟೈಲ್ ರೂಪಕ್ಕೆ ತಿರುಚಿದರೆ ಓದುವವರಿಗೆ ಕಷ್ಟ ಹೆಚ್ಚುತ್ತದೆ, ಪ್ರತಿಯಾಗಿ ಸಿಗುವುದು ಏನೂ ಇಲ್ಲ.

ಇನ್ನೊಂದು, ನಮ್ಮ ಕಡೆ ಪ್ರತಿ ಮನೆಗೂ ತಿಳಿದಿರುವ ವಂಶವೃಕ್ಷ. ಪೌತಿ ಖಾತೆ ಮಾಡಿಸಲು ಅದು ಬೇಕೇ ಬೇಕು. ಕಾನೂನಿನ ಪೂರ್ತಿ ವಿವರ ಬಿಟ್ಟು ಸರಳವಾಗಿ ಹೀಗೆನ್ನೋಣ: ತೀರಿಕೊಂಡವರ ಜಮೀನು ಮಕ್ಕಳಿಗೆಲ್ಲ ಸಮಪಾಲು, ಮಕ್ಕಳಲ್ಲೂ ಯಾರಾದರೂ ತೀರಿಕೊಂಡಿದ್ದರೆ ಆ ಪಾಲು ಅವರ ಮಕ್ಕಳಿಗೆ.

ಪಾಲು (ವ್ಯಕ್ತಿ, ಜಮೀನು) =
ವ್ಯಕ್ತಿ ಇದ್ದರೆ: ಆ ವ್ಯಕ್ತಿಗೆ ಜಮೀನು
ಇಲ್ಲದಿದ್ದರೆ: ಪ್ರತಿ ಮಗುವಿಗೂ ಪಾಲು (ಮಗು, ಜಮೀನು ÷ ಮಕ್ಕಳ ಸಂಖ್ಯೆ), ಎಲ್ಲವನ್ನೂ ಸೇರಿಸಿ

ಅಜ್ಜನ 6 ಎಕರೆ, ಮೂವರು ಮಕ್ಕಳು, ಅವರಲ್ಲೊಬ್ಬರು ಇಲ್ಲ, ಅವರಿಗೆ ಇಬ್ಬರು ಮಕ್ಕಳು. ಇರುವ ಇಬ್ಬರಿಗೆ ಎರಡೆರಡು ಎಕರೆ, ಮೊಮ್ಮಕ್ಕಳಿಗೆ ಒಂದೊಂದು ಎಕರೆ. ಮರದ ಆಕಾರದ ಮಾಹಿತಿಗೆ ಮರದ ಆಕಾರದ ಫಂಕ್ಷನ್. ಇದನ್ನೇ ವೈಲ್ ಲೂಪಿನಲ್ಲಿ ಬರೆಯಲು ಹೋದರೆ, ಇನ್ನೂ ನೋಡಬೇಕಾದವರ ಪಟ್ಟಿಯೊಂದನ್ನು ನೀವೇ ಇಟ್ಟು ನಿಭಾಯಿಸಬೇಕು. ಅಂದರೆ ಸ್ಟ್ಯಾಕನ್ನು ಕೈಯಾರೆ ಕಟ್ಟಬೇಕು. ಕುಟುಂಬದ ತಲೆಮಾರುಗಳು ನಾಲ್ಕೋ ಐದೋ. ಆಳದ ಭಯ ಇಲ್ಲಿಲ್ಲ.

ಈ ಉದಾಹರಣೆಯನ್ನು ನಾನು ಮತ್ತೆ ಮತ್ತೆ ಕೊಡುವುದಕ್ಕೆ ಕಾರಣ ಬೇರೆ. ಮಕ್ಕಳಿಲ್ಲದೆ ತೀರಿಕೊಂಡವರು ಮರದಲ್ಲಿ ಇದ್ದರೆ ಮೇಲಿನ ಫಂಕ್ಷನ್ ಏನು ಮಾಡುತ್ತದೆ? ಖಾಲಿ ಪಟ್ಟಿಯ ಮೇಲೆ ಸುತ್ತು ನಡೆಯುವುದೇ ಇಲ್ಲ. ಸೊನ್ನೆಯಿಂದ ಭಾಗಿಸುವ ಪ್ರಸಂಗವೂ ಬರುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಎರಡು ಎಕರೆ ಸದ್ದಿಲ್ಲದೆ ಲೆಕ್ಕದಿಂದ ಮಾಯವಾಗುತ್ತದೆ. ಖಾಲಿ ಪಟ್ಟಿ ಎಂಬ ಕೊನೆ ಬರೀ ನಿಲ್ಲುವ ಜಾಗವಲ್ಲ, ಅದಕ್ಕೊಂದು ಅರ್ಥ ಇರಬೇಕು. ಆದ್ದರಿಂದ ಹಂಚುವ ಪ್ರತಿ ಪ್ರೋಗ್ರಾಮಿಗೂ ನಾನು ಬರೆಸುವ ಮೊದಲ ಪರೀಕ್ಷೆ: ಪಾಲುಗಳನ್ನೆಲ್ಲ ಕೂಡಿದರೆ ಮೂಲ ಜಮೀನು ಸಿಗಬೇಕು. ಒಂದು ಗುಂಟೆ ಕಡಿಮೆಯಾದರೂ ಪರೀಕ್ಷೆ ಫೇಲ್.

6. ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳುವ ರಿಕರ್ಷನ್‌ಗೆ ಎರಡು ಸಂಖ್ಯೆ ಸಾಕು

ಛಂದಸ್ಸಿನ ಲೆಕ್ಕವನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯೋಣ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಛಂದೋಗ್ರಂಥ ನಾಗವರ್ಮನ ಛಂದೋಂಬುಧಿ, ಸುಮಾರು 990ರದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಶಾಲೆಯಲ್ಲಿ ಎಲ್ಲರೂ ಪ್ರಸ್ತಾರ ಹಾಕಿದ್ದೇವೆ. ಮೂರು ಮಾತ್ರೆಯ ಗಣ ಎಷ್ಟು ಬಗೆ? ಮೂರು. ನಾಲ್ಕು ಮಾತ್ರೆಯದು? ಐದು. ಐದು ಮಾತ್ರೆಯದು? ಎಂಟು. ಕಾರಣ ಸರಳ: ಕೊನೆಯ ಅಕ್ಷರ ಲಘುವಾದರೆ ಮುಂಚೆ ಉಳಿಯುವುದು ಒಂದು ಕಡಿಮೆ ಮಾತ್ರೆ, ಗುರುವಾದರೆ ಎರಡು ಕಡಿಮೆ. ಹಾಗಾಗಿ ಐದರ ಉತ್ತರ ಎಂದರೆ ನಾಲ್ಕರದು ಮತ್ತು ಮೂರರದು ಕೂಡಿದ್ದು. 12ನೆಯ ಶತಮಾನದಲ್ಲಿ ಹೇಮಚಂದ್ರ ಈ ನಿಯಮವನ್ನು ಸ್ಪಷ್ಟವಾಗಿ ಬರೆದಿದ್ದಾನೆ. ಜಗತ್ತು ಹೆಚ್ಚಾಗಿ ಹೆಸರಿಸುವ ಫಿಬೊನಾಚಿಯ ಪುಸ್ತಕ 1202ರದು.

ನಿಯಮವನ್ನು ಇದ್ದ ಹಾಗೆಯೇ ಕೋಡ್ ಮಾಡಿ, ಸೊನ್ನೆ ಮತ್ತು ಒಂದು ಮಾತ್ರೆಗೆ ಉತ್ತರ 1 ಎಂದಿಟ್ಟು, 30 ಮಾತ್ರೆಗೆ ಕೇಳಿದರೆ ಉತ್ತರ 13,46,269. ಅದಕ್ಕಾಗಿ ಫಂಕ್ಷನ್‌ಗೆ ಹೋಗುವ ಕರೆಗಳು, ಮೊದಲನೆಯದೂ ಸೇರಿ, 26,92,537. ಏಕೆಂದರೆ 28ರ ಉತ್ತರವನ್ನು 30ಕ್ಕೂ ಒಮ್ಮೆ, 29ಕ್ಕೂ ಒಮ್ಮೆ ಹೊಸದಾಗಿ ಲೆಕ್ಕ ಹಾಕುತ್ತದೆ, ಕೆಳಗಿಳಿದಂತೆ ಇದು ಹಬ್ಬುತ್ತ ಹೋಗುತ್ತದೆ. ಮೊದಲ ಪಾಠದ ಪ್ರಶ್ನೆ ಇಲ್ಲಿ ಕೇಳಿ: ಮುಂದಿನ ಸುತ್ತಿಗೆ ಏನು ಹೋಗಬೇಕು? ಹಿಂದಿನದು ಮತ್ತು ಈಗಿನದು, ಎರಡೇ ಸಂಖ್ಯೆ. (ಹಿಂದಿನದು, ಈಗಿನದು) ಎಂಬುದು ಮುಂದಿನ ಸುತ್ತಿನಲ್ಲಿ (ಈಗಿನದು, ಹಿಂದಿನದು + ಈಗಿನದು) ಆಗುತ್ತದೆ. ಮೂವತ್ತು ಸುತ್ತಿನೊಳಗೆ ಮುಗಿಯಿತು. ಇಪ್ಪತ್ತಾರು ಲಕ್ಷ ಮತ್ತು ಮೂವತ್ತರ ನಡುವಿನ ಅಂತರ ಯಂತ್ರದ ವೇಗದಿಂದ ಬಂದದ್ದಲ್ಲ, ಸರಿಯಾದ ವಾಕ್ಯ ಬರೆದದ್ದರಿಂದ ಬಂದದ್ದು.

7. ಇಫ್ ಒಂದು ಮೌಲ್ಯ, ಅದಕ್ಕೆ ಎಲ್ಲ ಕವಲೂ ಬೇಕು

ಜಾನ್ ಮೆಕಾರ್ಥಿ ಲಿಸ್ಪ್ ರೂಪಿಸಿದ್ದು 1958ರ ಹೊತ್ತಿಗೆ. ಷರತ್ತನ್ನು ಆಜ್ಞೆಯಾಗಿ ನೋಡದೆ ಫಲ ಕೊಡುವ ಅಭಿವ್ಯಕ್ತಿಯಾಗಿ ನೋಡಿದ್ದು ಅವರ ದೊಡ್ಡ ಕೊಡುಗೆ. ಹ್ಯಾಸ್ಕೆಲ್‌ನಲ್ಲಿ ಎಲ್ಸ್ ಇಲ್ಲದ ಇಫ್ ಬರೆಯಲು ಬರುವುದಿಲ್ಲ. ಷರತ್ತು ಸುಳ್ಳಾದಾಗ ಫಲ ಏನೆಂದು ಹೇಳಲೇಬೇಕು.

ಪ್ಯಾಟರ್ನ್ ಮ್ಯಾಚಿಂಗ್ ಇದರ ಮುಂದುವರಿಕೆ. ಯುಪಿಐ ಪಾವತಿಯ ಸ್ಥಿತಿಯನ್ನು ‘ಆಯಿತು’, ‘ಆಗಲಿಲ್ಲ’ ಎಂದು ಎರಡಾಗಿ ಒಡೆಯುವ ಕೋಡ್ ‘ಇನ್ನೂ ಗೊತ್ತಿಲ್ಲ’ ಎಂಬುದನ್ನು ಮರೆಯುತ್ತದೆ. ಅಂಗಡಿಯವರು ಫೋನ್ ಹಿಡಿದು ನಿಂತು, ಗಿರಾಕಿ “ದುಡ್ಡು ಕಟ್ ಆಗೈತೆ ಕಣಣ್ಣ” ಎಂದು ಹೇಳುವ ಆ ಎರಡು ನಿಮಿಷ ಇರುವುದೇ ಮೂರನೆಯ ಸ್ಥಿತಿಯಲ್ಲಿ. ಮೂರನ್ನೂ ಒಂದು ಟೈಪಿನಲ್ಲಿ ಹೆಸರಿಸಿ, ಎಚ್ಚರಿಕೆಗಳನ್ನು ಪೂರ್ತಿ ತೆರೆದಿಟ್ಟರೆ, ಬಿಟ್ಟುಹೋದ ಕವಲನ್ನು ಕಂಪೈಲರ್ ತೋರಿಸುತ್ತದೆ. ‘ಉಳಿದದ್ದೆಲ್ಲ’ ಎಂಬ ಅಡಿಗೆರೆಯ ಕವಲನ್ನು ಸುಮ್ಮನೆ ಹಾಕಬೇಡಿ. ನಾಳೆ ನಾಲ್ಕನೆಯ ಸ್ಥಿತಿ ಸೇರಿದಾಗ ಅದು ಕಂಪೈಲರಿನ ಬಾಯಿ ಮುಚ್ಚಿಸುತ್ತದೆ. ದೊಡ್ಡ ಕೋಡಿನಲ್ಲಿ ಇದು ಹೇಗಿರುತ್ತದೆ ಎಂದು ನೋಡಬೇಕಾದವರಿಗೆ ಬೆಂಗಳೂರಿನಲ್ಲೇ ಉದಾಹರಣೆ ಇದೆ: 2022ರಲ್ಲಿ ಶುರುವಾದ ‘ನಮ್ಮ ಯಾತ್ರಿ’ ಆಟೋ ಆ್ಯಪ್‌ನ ಸರ್ವರ್ ಭಾಗ ಹ್ಯಾಸ್ಕೆಲ್‌ನಲ್ಲಿದೆ, ಕೋಡ್ ಎಲ್ಲರಿಗೂ ತೆರೆದಿದೆ. ನನ್ನ ಬಳಿ ಬರುವವರಿಗೆ ಅದನ್ನು ಓದಲು ಹೇಳುತ್ತೇನೆ.

8. ನಡುವೆ ನಿಲ್ಲಿಸಬೇಕಾದರೆ ನಿಲ್ಲುವ ಕಾರಣವನ್ನು ಬೇರೆಯಾಗಿ ಬರೆಯಿರಿ

ಬ್ರೇಕ್ ಇಲ್ಲವಲ್ಲ ಎಂಬುದು ಎರಡನೆಯ ದೊಡ್ಡ ದೂರು. ಅದೇ ಐದು ಚೀಲ, ಗಾಡಿಗೆ 150 ಕಿಲೋ ಮಾತ್ರ ಹಾಕಬಹುದು, ಸಾಲಿನ ಪ್ರಕಾರವೇ ಹಾಕಬೇಕು. ಫೋಲ್ಡ್‌ನ ತಂಗಿಯಂಥ ಸ್ಕ್ಯಾನ್ ಪ್ರತಿ ಹೆಜ್ಜೆಯ ಮೊತ್ತವನ್ನೂ ಪಟ್ಟಿಯಾಗಿ ಕೊಡುತ್ತದೆ: 44, 87, 132, 174, 218. ‘150 ಮೀರದಿರುವವರೆಗೆ ತೆಗೆದುಕೊ’ ಎಂದರೆ ಮೊದಲ ಮೂರು. ಮೊತ್ತ ಮಾಡುವುದು ಒಂದು ಮಾತು, ನಿಲ್ಲಿಸುವುದು ಇನ್ನೊಂದು. ಸೋಮಾರಿ ಪಟ್ಟಿಯಾದ್ದರಿಂದ ಹ್ಯಾಸ್ಕೆಲ್ ನಿಲ್ಲುವ ಜಾಗ ದಾಟಿದ ಮೊತ್ತಗಳನ್ನು ಲೆಕ್ಕ ಹಾಕುವುದೂ ಇಲ್ಲ. ಮಿತಿ 200 ಆದರೆ ಬದಲಾಗುವುದು ಒಂದೇ ಸಂಖ್ಯೆ.

ಕ್ಲೋಜರ್‌ನಲ್ಲಿ ರೆಡ್ಯೂಸ್ ಒಳಗಿಂದ ‘ರೆಡ್ಯೂಸ್ಡ್’ ಎಂದು ಸುತ್ತಿ ಕೊಟ್ಟರೆ ಅಲ್ಲಿಗೇ ನಿಲ್ಲುತ್ತದೆ. ಎಲಿಕ್ಸಿರ್‌ನಲ್ಲಿ ‘ರೆಡ್ಯೂಸ್ ವೈಲ್’ಗೆ ‘ಮುಂದುವರಿ’, ‘ನಿಲ್ಲು’ ಎಂಬ ಎರಡು ಉತ್ತರಗಳಲ್ಲಿ ಒಂದನ್ನು ಕೊಡಬೇಕು. ಎಕ್ಸೆಪ್ಷನ್ ಎಸೆದು ಲೂಪಿನಿಂದ ಜಿಗಿಯುವುದನ್ನೂ ಕಂಡಿದ್ದೇನೆ. ಡೈಕ್‌ಸ್ಟ್ರಾ 1968ರಲ್ಲಿ ಗೋಟೂ ವಿರುದ್ಧ ಬರೆದ ಪತ್ರದ ಆತಂಕವೇ ಇಲ್ಲಿಗೂ ಅನ್ವಯಿಸುತ್ತದೆ: ಓದುವವರಿಗೆ ನಿಯಂತ್ರಣ ಎಲ್ಲಿಂದ ಎಲ್ಲಿಗೆ ಹೋಯಿತೆಂದು ತಿಳಿಯಬೇಕು.

9. ಮೊದಲ ತಪ್ಪಿಗೆ ನಿಲ್ಲಬೇಕೋ, ಎಲ್ಲ ತಪ್ಪನ್ನೂ ಹೇಳಬೇಕೋ?

ಇದು ತಂತ್ರದ ಪ್ರಶ್ನೆಯಂತೆ ಕಾಣುತ್ತದೆ, ಆದರೆ ಮನುಷ್ಯರ ಪ್ರಶ್ನೆ. ಬೆಂಬಲ ಬೆಲೆಗೆ ಕೊಬ್ಬರಿ ಕೊಡಲು ನೋಂದಣಿ ಮಾಡಿಸುವ ರೈತರೊಬ್ಬರನ್ನು ನೆನೆಯಿರಿ. ರೈತರ ಫ್ರೂಟ್ಸ್ ನೋಂದಣಿ ಸಂಖ್ಯೆ, ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಎಲ್ಲ ಹೊಂದಬೇಕು. ಮೊದಲ ತಪ್ಪಿಗೇ ನಿಲ್ಲುವ ಕೋಡ್ ಇಂದು “ಆಧಾರ್‌ನಲ್ಲಿ ಹೆಸರು ಹೊಂದುತ್ತಿಲ್ಲ” ಎನ್ನುತ್ತದೆ. ಸರಿಪಡಿಸಿಕೊಂಡು ಬಂದರೆ “ಪಹಣಿಯ ಸರ್ವೆ ನಂಬರ್ ತಪ್ಪಿದೆ” ಎನ್ನುತ್ತದೆ. ಪ್ರತಿ ಸಲಕ್ಕೂ ಊರಿಂದ ಬಸ್ಸು ಹಿಡಿಯಬೇಕು, ಒಂದು ದಿನದ ಕೆಲಸ ಬಿಡಬೇಕು.

ಹ್ಯಾಸ್ಕೆಲ್‌ನಲ್ಲಿ ಈದರ್ ಬಳಸಿ ಪರೀಕ್ಷೆಗಳನ್ನು ಒಂದರ ಹಿಂದೆ ಒಂದು ಕಟ್ಟಿದರೆ ಮೊದಲ ತಪ್ಪಿಗೆ ಹೊರಬರುತ್ತದೆ. ವ್ಯಾಲಿಡೇಷನ್ ಎಂಬ ಅದರ ಜೊತೆಗಾರ ಟೈಪ್ ಎಲ್ಲ ಪರೀಕ್ಷೆಯನ್ನೂ ನಡೆಸಿ ತಪ್ಪುಗಳ ಪಟ್ಟಿ ಕೊಡುತ್ತದೆ. ಆರಿಸುವ ನಿಯಮ ಮತ್ತೆ ಅದೇ ಪ್ರಶ್ನೆ. ಪಾಸ್‌ಬುಕ್ ಪರೀಕ್ಷೆಗೆ ಆಧಾರ್ ಪರೀಕ್ಷೆಯ ಫಲ ಬೇಕೇ? ಬೇಡವಾದರೆ ಅದನ್ನು ಕಾಯಿಸುವುದು ಅನ್ಯಾಯ. ಖಾತೆ ಇದ್ದರೆ ಮಾತ್ರ ಅದರ ಬಾಕಿ ನೋಡಲಾಗುವಂಥ, ನಿಜವಾಗಿಯೂ ಅವಲಂಬಿಸಿರುವ ಕಡೆ ಮಾತ್ರ ಸರಪಳಿ ಕಟ್ಟಿ. ಫಾರಂ ತುಂಬುವ ಎಲ್ಲ ಕಡೆ ನಾನು ಪಟ್ಟು ಹಿಡಿಯುವುದು ಇದೊಂದಕ್ಕೆ: ತಪ್ಪುಗಳನ್ನೆಲ್ಲ ಒಂದೇ ಸಲ ಹೇಳಿ.

10. ಕೆಲಸ ಮಾಡಿಸಲು ಮ್ಯಾಪ್ ಬಳಸಬೇಡಿ

ಕ್ಲೋಜರ್‌ನ ಮ್ಯಾಪ್ ಸೋಮಾರಿ. ಪ್ರತಿ ಬಿಲ್ಲಿಗೂ ಎಸ್ಸೆಮ್ಮೆಸ್ ಕಳಿಸಲು ಮ್ಯಾಪ್ ಬರೆದು ಫಲವನ್ನು ಯಾರೂ ಕೇಳದಿದ್ದರೆ ಒಂದು ಸಂದೇಶವೂ ಹೋಗುವುದಿಲ್ಲ. ಬರೆಯುತ್ತಲೇ ಓಡಿಸಿ ನೋಡುವ ರೆಪ್ಲ್‌ನಲ್ಲಿ ಮಾತ್ರ ಎಲ್ಲ ಸರಿಯಾಗಿ ಕಾಣುತ್ತದೆ, ಅಲ್ಲಿ ಪರದೆಯೇ ಫಲವನ್ನು ಕೇಳುತ್ತದೆ. ಕಳಿಸುವುದು, ಮುದ್ರಿಸುವುದು, ಬರೆದಿಡುವುದು ಆದರೆ ಡೂಸೆಕ್ ಅಥವಾ ರನ್ ಬಳಸಿ. ಹ್ಯಾಸ್ಕೆಲ್‌ನಲ್ಲಿ ಅಡಿಗೆರೆಯಿಂದ ಕೊನೆಯಾಗುವ ಫಾರ್‌ಎಮ್, ಮ್ಯಾಪ್‌ಎಮ್ ಇವೆ. ಫಲ ಬೇಡ, ಕೆಲಸ ಮಾತ್ರ ಆಗಲಿ ಎಂಬುದನ್ನು ಆ ಅಡಿಗೆರೆಯೇ ಹೇಳುತ್ತದೆ. ಹುಡುಗರು ಹುಡುಕುವ ಫಾರ್ ಹೆಚ್ಚುಕಡಿಮೆ ಅಲ್ಲಿದೆ.

11. ಮರುಪ್ರಯತ್ನವನ್ನು ಪಟ್ಟಿಯಾಗಿ ಬರೆಯಿರಿ

ನಮ್ಮ ಕಡೆ ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ಮರುಪ್ರಯತ್ನವಿಲ್ಲದ ಪ್ರೋಗ್ರಾಂ ಹಳ್ಳಿಯಲ್ಲಿ ನಡೆಯುವುದಿಲ್ಲ. ಎಷ್ಟನೆಯ ಪ್ರಯತ್ನ, ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಲೂಪಿನೊಳಗೆ ಗಂಟುಹಾಕುವ ಬದಲು ಕಾಯುವ ಸೆಕೆಂಡುಗಳನ್ನೇ ಪಟ್ಟಿ ಮಾಡಿ: 1, 2, 4, 8, 16. ಪ್ರಯತ್ನಿಸುವ ಫಂಕ್ಷನ್ ಈ ಪಟ್ಟಿಯನ್ನು ತೆಗೆದುಕೊಳ್ಳುತ್ತದೆ. ಸೋತರೆ ಮೊದಲ ಸಂಖ್ಯೆಯಷ್ಟು ಕಾದು, ಉಳಿದ ಪಟ್ಟಿಯೊಂದಿಗೆ ತನ್ನನ್ನೇ ಕರೆಯುತ್ತದೆ. ಪಟ್ಟಿ ಖಾಲಿಯಾದರೆ ಸೋಲನ್ನು ಒಪ್ಪಿಕೊಳ್ಳುತ್ತದೆ. ಹೆಚ್ಚೆಂದರೆ 31 ಸೆಕೆಂಡು ಕಾಯುತ್ತೇವೆ ಎಂಬುದು ಕೂಡಿ ನೋಡಿದರೆ ಗೊತ್ತಾಗುತ್ತದೆ. ಪರೀಕ್ಷಿಸುವಾಗ ಸೊನ್ನೆಗಳ ಪಟ್ಟಿ ಕೊಟ್ಟರೆ ಒಂದು ಕ್ಷಣವೂ ಕಾಯಬೇಕಿಲ್ಲ.

ಎಂದೂ ನಿಲ್ಲದ ಸುತ್ತೂ ಬೇಕಾಗುತ್ತದೆ. ಎರಿಕ್ಸನ್ ಕಂಪನಿಯಲ್ಲಿ 1986ರಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ಟೆಲಿಫೋನ್ ಸ್ವಿಚ್‌ಗಳಿಗಾಗಿ ಶುರುಮಾಡಿದ ಎರ್ಲಾಂಗ್‌ನಲ್ಲಿ ಸರ್ವರ್ ಎಂದರೆ ಒಂದು ಫಂಕ್ಷನ್: ಸಂದೇಶ ಪಡೆದು, ಹೊಸ ಸ್ಥಿತಿ ಲೆಕ್ಕ ಹಾಕಿ, ಆ ಸ್ಥಿತಿಯೊಂದಿಗೆ ತನ್ನನ್ನೇ ಟೈಲ್ ಕಾಲ್ ಮಾಡುತ್ತದೆ. ವಾಟ್ಸ್‌ಆ್ಯಪ್‌ನ ಸರ್ವರುಗಳನ್ನು ಕಟ್ಟಿದ್ದು ಈ ಭಾಷೆಯಲ್ಲೇ.

12. ಒಳಗಿನ ಬದಲಾವಣೆ ಹೊರಗೆ ಸೋರದಿದ್ದರೆ ಲೂಪನ್ನೇ ಬರೆಯಿರಿ

ಒಕ್ಯಾಮಲ್‌ನಲ್ಲಿ ಫಾರ್, ವೈಲ್ ಎರಡೂ ಇವೆ, ಬಳಸಲು ನಾಚಬೇಕಿಲ್ಲ. ಚಿತ್ರದ ಪಿಕ್ಸೆಲ್‌ಗಳು, ದೊಡ್ಡ ಕೋಷ್ಟಕ, ಅವಿಭಾಜ್ಯ ಸಂಖ್ಯೆಗಳ ಜರಡಿ, ಇಂಥಲ್ಲಿ ಒಂದು ಅರೇಯನ್ನು ಇದ್ದಲ್ಲೇ ಬದಲಿಸುವುದು ಹೊಸ ಹೊಸ ಪ್ರತಿ ಮಾಡುವುದಕ್ಕಿಂತ ಎಷ್ಟೋ ಅಗ್ಗ. ಕ್ಲೋಜರ್‌ನಲ್ಲಿ ಇದಕ್ಕೆ ಟ್ರಾನ್ಸಿಯೆಂಟ್ ಇದೆ. ಹ್ಯಾಸ್ಕೆಲ್‌ನಲ್ಲಿ ಲಾಂಚ್‌ಬರಿ ಮತ್ತು ಪೇಟನ್ ಜೋನ್ಸ್ 1994ರಲ್ಲಿ ವಿವರಿಸಿದ ಎಸ್‌ಟಿ ಇದೆ: ಒಳಗೆ ಬೇಕಾದಷ್ಟು ಬದಲಾಯಿಸಿ, ಆ ಬದಲಾಗುವ ವಸ್ತು ಹೊರಗೆ ಬರಲು ಟೈಪ್ ವ್ಯವಸ್ಥೆಯೇ ಬಿಡುವುದಿಲ್ಲ. ಹೊರಗಿನವರಿಗೆ ಅದು ಒಂದೇ ಇನ್‌ಪುಟ್ಟಿಗೆ ಒಂದೇ ಉತ್ತರ ಕೊಡುವ ಶುದ್ಧ ಫಂಕ್ಷನ್.

ಹಾಗೆ ಬರೆಯುವಾಗಲೂ ಮೊದಲ ಪಾಠದ ವಾಕ್ಯವನ್ನು ಲೂಪಿನ ಮೇಲೆ ಕಾಮೆಂಟಾಗಿ ಬರೆಸುತ್ತೇನೆ. ಮೊನ್ನೆ ಜರಡಿಯ ಕೋಡ್ ತಂದ ಹುಡುಗಿಯೊಬ್ಬಳು ಅದರ ಮೇಲೆ ಬರೆದಿದ್ದಳು: “ಪ್ರತಿ ಸುತ್ತಿಗೆ ಮೊದಲು, ಈ ಸಂಖ್ಯೆಗಿಂತ ಚಿಕ್ಕ ಅವಿಭಾಜ್ಯಗಳ ಅಪವರ್ತ್ಯಗಳೆಲ್ಲ ಅರೇಯಲ್ಲಿ ಅಳಿಸಿಹೋಗಿವೆ.” ಆ ಸಾಲು ಇದ್ದುದರಿಂದ ಒಳಗಿನ ಸುತ್ತು ಸಂಖ್ಯೆಯ ಎರಡರಷ್ಟರಿಂದ ಶುರುವಾಗಬೇಕಿಲ್ಲ, ಅದರ ವರ್ಗದಿಂದಲೇ ಶುರುವಾದರೆ ಸಾಕು ಎಂದು ಪಕ್ಕದಲ್ಲಿ ಕೂತಿದ್ದ ಹುಡುಗ ಕೋಡ್ ಓಡಿಸದೆಯೇ ಹೇಳಿದ. ಇಬ್ಬರೂ ಸೇರಿ ಆ ಒಂದು ಸಂಖ್ಯೆ ತಿದ್ದಿದರು.